ಕಂಡದ್ದಾ, ಕೇಂಡದ್ದಾ?



ನಮ್ಮ ಮನೆಗೆ ಮೊದಲ ರೇಡಿಯೋ ಬಂದ ದಿನ ಅದನ್ನು ಚಾವಡಿಯ ಗೂಡಿನಲ್ಲಿ ಇಟ್ಟು, ಅಪ್ಪಯ್ಯ ಅದರ ಕಿವಿ ಹಿಂಡಿ, ವಾರ್ತೆ ಹಾಕಿದರು. ಎಲ್ಲಿಯದೋ ನೆರೆ, ಯಾರೋ ಮಂತ್ರಿಯ ಪ್ರವಾಸ. ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರವನ್ನು ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡು ಐದು ನಿಮಿಷ ಕೇಳಿದಳು. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, "ಈ ಮನ್ಷ್ಯ ಹೇಳುದ್ ಕಂಡದ್ದಾ, ಕೇಂಡದ್ದಾ?" ಎಂದಳು.

ಕುಂದಾಪುರ ಸೀಮೆಯ ಆಚೆಗಿನವರಿಗಾಗಿ ಹೇಳುತ್ತೇನೆ: ಕೇಳುವುದಕ್ಕೆ ನಮ್ಮಲ್ಲಿ ಕೇಣು ಎನ್ನುತ್ತಾರೆ. ಕೇಳಿದ್ದು ಕೇಂಡದ್ದು. ಅಜ್ಜಿಗೆ ಗೊತ್ತಾಗಬೇಕಾದದ್ದು ಇಷ್ಟೇ: ಡೆಲ್ಲಿಯಲ್ಲಿ ಕುಳಿತು ಓದುವ ಈ ಮನುಷ್ಯ ನೆರೆಯನ್ನು ಸ್ವತಃ ನೋಡಿದ್ದಾನೋ, ಅಥವಾ ಯಾರೋ ಹೇಳಿದ್ದನ್ನು ನಮಗೆ ಹೇಳುತ್ತಿದ್ದಾನೋ? ಅಪ್ಪಯ್ಯ, "ಅವ್ರಿಗೆ ಬರ್ದ್ ಕೊಡ್ತ್ರ್ ಅಮ್ಮ" ಎಂದರು. "ಹಾಂಗಾರೆ ಕೇಂಡದ್ದೇ" ಎಂದು ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು.

ಇದೇ ಅಜ್ಜಿಗೆ ಒಂದು ದೊಡ್ಡ ಗೆಲುವು ಸಿಕ್ಕಿದ್ದು 1979ರ ಮಾರ್ಚ್ 22ರಂದು. ಜಯಪ್ರಕಾಶ ನಾರಾಯಣರು ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಯಲ್ಲಿದ್ದರು. ಅವರು ತೀರಿಕೊಂಡರೆಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಗೆ ತಿಳಿಸಿದರು. ಸ್ಪೀಕರ್ ಪೀಠದಲ್ಲಿ ನಮ್ಮ ಕಾರ್ಕಳ ಸೀಮೆಯ ಕೌಡೂರು ಸದಾನಂದ ಹೆಗ್ಡೆಯವರಿದ್ದ ಕಾಲ ಅದು. ಸಂತಾಪದ ಮಾತುಗಳಾಗಿ ಸಭೆ ಮುಂದೂಡಲ್ಪಟ್ಟಿತು. ಆಕಾಶವಾಣಿಯೂ ಸುದ್ದಿ ಹೇಳಿತು. ಅದೇ ಆಕಾಶವಾಣಿಯ ಮೈಕಿನ ಮುಂದೆ ಕುಳಿತು ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವೇ. ಅಲ್ಲಿ ಜೆ.ಪಿ. ಆಸ್ಪತ್ರೆಯ ಮಂಚದ ಮೇಲೆ ಜೀವಂತವಾಗಿಯೇ ಇದ್ದರು. ನಮ್ಮ ಮನೆಯಲ್ಲಿ ಅಜ್ಜಿ ಎಂದಿನಂತೆ ತನ್ನ ಪ್ರಶ್ನೆ ಕೇಳಿ, "ಇಂಥಾ ಹೊತ್ತಿನಲ್ಲೂ ನಿನ್ನದೊಂದು" ಎಂದು ಬೈಸಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಬೈದವರು ಬಾಯಿ ಮುಚ್ಚಬೇಕಾಯಿತು.

ಆದರೆ ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅಜ್ಜಿಗೆ ಲಾಭ, ಸತ್ಯಕ್ಕೆ ನಷ್ಟ. ಅಕ್ಟೋಬರ್ 8ರಂದು ಜೆ.ಪಿ. ನಿಜವಾಗಿಯೇ ತೀರಿಕೊಂಡರು. ಆಗಲೂ ಅವಳು ಒಪ್ಪಲಿಲ್ಲ. "ಹೋದ್ ಸಲವೂ ಹೀಂಗೇ ಹೇಳಿರ್" ಎಂದಳು. ಮರುದಿನದ ಪತ್ರಿಕೆಯ ಚಿತ್ರ ತೋರಿಸಿ ಅವಳನ್ನು ನಂಬಿಸಬೇಕಾಯಿತು. ಒಮ್ಮೆ ಸರಿಯಾದ ಸಂಶಯ ಮರುಸಲವೂ ಸರಿಯಾಗಿರಬೇಕೆಂದೇನೂ ಇಲ್ಲವಲ್ಲ.

ನಮ್ಮ ಮಾತಿನಲ್ಲಿ ಎರಡು ಬಾಲಗಳಿವೆ. ಒಂದು ಅಂಬ್ರ್, ಇನ್ನೊಂದು ಕಾಂತ್. "ಅವ್ನಿಗೆ ಮದಿ ಅಂಬ್ರ್" ಎಂದರೆ ಅವನಿಗೆ ಮದುವೆಯಂತೆ. ಹೇಳಿದವರು ಯಾರೋ, ನನ್ನದೇನೂ ಇಲ್ಲ. "ಮಳಿ ಬತ್ತ್ ಕಾಂತ್" ಎಂದರೆ ಮೋಡ ನೋಡಿದರೆ ಮಳೆ ಬರುವ ಹಾಗೆ ಕಾಣುತ್ತದೆ. ಇದು ನನ್ನ ಕಣ್ಣಿನ ಲೆಕ್ಕ, ತಪ್ಪಿದರೆ ನನ್ನ ಹೊಣೆ. ಘಟ್ಟದ ಮೇಲಿನವರ ಅಂತೆ ಕೂಡ ಇದೇ ಅಂಬ್ರಿನ ಅಕ್ಕ. ಕನ್ನಡದವನೊಬ್ಬ ಅಂತೆ ಎಂದು ಹೇಳುವಾಗ ಎದುರಿನವನನ್ನು ಸುಳ್ಳ ಎಂದು ಕರೆಯುತ್ತಿಲ್ಲ. ಮಾತನ್ನು ಅದರ ವಾರಸುದಾರನ ಮನೆ ಬಾಗಿಲಿಗೆ ಬಿಟ್ಟು ಬರುತ್ತಿದ್ದಾನೆ, ಅಷ್ಟೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ ಎಂಬ ಗಾದೆಯನ್ನು ನೋಡಿ. ಯಾರ ಮಾತನ್ನೂ ಸುಮ್ಮನೆ ನಂಬಬೇಡ ಎಂದು ಹೇಳುವ ಈ ಗಾದೆ ಕೂಡ ತನ್ನ ಹೊಣೆ ತಾನು ಹೊರದೆ ಕೊನೆಗೆ ಅಂತೆ ಹಾಕಿ ಜಾರಿಕೊಳ್ಳುತ್ತದೆ!

ಈ ವಿಚಾರದಲ್ಲಿ ಇನ್ನೊಂದು ತಮಾಷೆ ಉಂಟು. ಹಳೆಯ ತರ್ಕಶಾಸ್ತ್ರದಲ್ಲಿ ತಿಳಿವಳಿಕೆಯ ದಾರಿಗಳಿಗೆ ಪ್ರಮಾಣಗಳು ಎಂದು ಹೆಸರು. ಕಣ್ಣಿಗೆ ಕಂಡದ್ದು ಪ್ರತ್ಯಕ್ಷ, ಹೊಗೆ ನೋಡಿ ಬೆಂಕಿ ಇದೆ ಎನ್ನುವುದು ಅನುಮಾನ, ನಂಬಲರ್ಹರು ಹೇಳಿದ್ದು ಶಬ್ದ. ಚಾರ್ವಾಕರು ಪ್ರತ್ಯಕ್ಷ ಒಂದನ್ನೇ ಒಪ್ಪಿದರು. ಉಳಿದವರು ತಮತಮಗೆ ತೋರಿದಷ್ಟು ಒಪ್ಪಿದರು. ಇವುಗಳಲ್ಲಿ ಮೂರು ಪದಗಳು ಸಂಸ್ಕೃತದಿಂದ ಇಳಿದು ನಮ್ಮ ಪೇಟೆಯ ಕನ್ನಡಕ್ಕೆ ಬರುವಷ್ಟರಲ್ಲಿ ಏನಾಗಿವೆ ನೋಡಿ. ಪ್ರಮಾಣ ಎಂದರೆ ದೇವರ ಮುಂದೆ ಕೈ ಮುಟ್ಟಿ ಹಾಕುವ ಆಣೆ. ಅನುಮಾನ ಎಂದರೆ ಗಂಡ ಹೆಂಡತಿಯ ಮೇಲೋ, ಧಣಿ ಕೆಲಸದವನ ಮೇಲೋ ಪಡುವ ಗುಮಾನಿ. ಶಬ್ದ ಎಂದರೆ ಗಲಾಟೆ, "ಏ ಮಕ್ಕಳೇ, ಶಬ್ದ ಮಾಡಬೇಡಿ." ಬೇರೆಯವರ ಮಾತು ಜ್ಞಾನದ ಒಂದು ದಾರಿ ಎಂದು ಪಂಡಿತರು ಹೇಳಿದರು. ಕನ್ನಡದ ಜನ ಅದನ್ನು ಕೇಳಿಸಿಕೊಂಡು, ಹೌದು, ಬಹಳ ಶಬ್ದ ಎಂದರು. ಯಾವ ತತ್ವಶಾಸ್ತ್ರದ ಪುಸ್ತಕಕ್ಕಿಂತಲೂ ದೊಡ್ಡ ಟೀಕೆ ಇದು ಎಂದು ನನಗೆ ಅನ್ನಿಸುತ್ತದೆ.

ಬೇರೆಯವರ ಮಾತನ್ನು ಹೀಗೆ ಸುಮ್ಮನೆ ನಂಬದ ಒಬ್ಬರಿಗಾಗಿ ಈಗ ಗುಲ್ವಾಡಿಗೆ ಬರುತ್ತೇನೆ. ಕುಂದಾಪುರದ ಒಳನಾಡಿನಲ್ಲಿ, ಹಿಂದೆ ದೊಡ್ಡ ಬಂದರಾಗಿದ್ದ ಬಸ್ರೂರಿನ ಆಸುಪಾಸಿನಲ್ಲಿ, ವಾರಾಹಿ ಹೊಳೆಯ ಬದಿಗೆ ಇರುವ ಊರು ಇದು. ಸೌಕೂರಿನ ದುರ್ಗಾಪರಮೇಶ್ವರಿ ಇರುವುದು ಇಲ್ಲಿಯೇ. ಅದೇ ದೇವಿಯ ಹೆಸರಿನ ಯಕ್ಷಗಾನ ಮೇಳವನ್ನು ಕರಾವಳಿಯಲ್ಲಿ ಅರಿಯದವರಿಲ್ಲ. ನಮ್ಮ ಸೀಮೆಯ ಎಷ್ಟೋ ಊರುಗಳು ಸಾರಸ್ವತರ ಅಡ್ಡಹೆಸರುಗಳಾಗಿ ಮುಂಬಯಿಗೂ ಅದರಾಚೆಗೂ ಪ್ರಯಾಣ ಮಾಡಿವೆ: ಬಸ್ರೂರ್, ಹಟ್ಟಿಯಂಗಡಿ, ತ್ರಾಸಿ, ಕುಂದಾಪುರ್. ಹಾಗೆ ಹೋದ ಹೆಸರುಗಳಲ್ಲಿ ಗುಲ್ವಾಡಿಯೂ ಒಂದು. ಆ ಹೆಸರು ಹೊತ್ತ ವೆಂಕಟರಾಯರು 1844ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಪೊಲೀಸ್ ಇಲಾಖೆಯ ಇನ್‌ಸ್ಪೆಕ್ಟರಿಕೆ. ಬರೆದದ್ದು ಕಾದಂಬರಿ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂದ ಅವರ ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ’ವನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನುತ್ತೇವೆ. ಕಿಟ್ಟೆಲ್ಲರ ದೊಡ್ಡ ನಿಘಂಟು ಅದೇ ಮಂಗಳೂರಿನಲ್ಲಿ 1894ರಲ್ಲಿ ಬೆಳಕು ಕಂಡಿತ್ತು. ಪದಗಳ ಪಟ್ಟಿ ಬಂದು ಐದು ವರ್ಷಕ್ಕೆ, ಆ ಪದಗಳನ್ನು ಆಡುವ ಮನುಷ್ಯರ ಪಟ್ಟಿಯೂ ಬಂದ ಹಾಗಾಯಿತು.

ನಮ್ಮ ವಿಮರ್ಶಕರು ಈ ಕಾದಂಬರಿಯನ್ನು ವಿಧವಾ ವಿವಾಹದ ಕತೆ, ಸಮಾಜ ಸುಧಾರಣೆಯ ಕತೆ ಎಂದು ಕರೆಯುತ್ತಾರೆ. ಅದು ನಿಜ. ನಾನು ಅದನ್ನು ಓದುವಾಗ ಮಾತ್ರ ನನ್ನ ಕಣ್ಣ ಮುಂದೆ ಬರುವುದು ಒಬ್ಬ ಇನ್‌ಸ್ಪೆಕ್ಟರು. ಟೊಪ್ಪಿ ತೆಗೆದು ಮೇಜಿನ ಮೇಲಿಟ್ಟಿದ್ದಾರೆ, ಎದುರಿಗೆ ಸಾಕ್ಷಿಗಳು ಸಾಲಾಗಿ ನಿಂತಿದ್ದಾರೆ, ಒಬ್ಬೊಬ್ಬನೂ ತನ್ನದನ್ನು ಹೇಳುತ್ತಿದ್ದಾನೆ. ಇವರು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಾರೆ, ನಂಬುತ್ತಿಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಇಂದಿರೆ ಎಳೆಯ ಪ್ರಾಯದಲ್ಲಿಯೇ ವಿಧವೆ. ತಂದೆ ಭೀಮರಾಯ, ಕಾಸು ಮಾಡಿದವನು. ತಾಯಿ ಅಂಬಾಬಾಯಿ, ಸಂತಮಂಡಳಿಯ ಭಕ್ತೆ. ಆ ಸಂತಮಂಡಳಿಯಲ್ಲಿ ಭಜನೆ ಉಂಟು, ತಾಳ ಉಂಟು, ನಾಮ ಉಂಟು. ಮರೆಯಲ್ಲಿ ಮಾತ್ರ ನಡೆಯುವುದೇ ಬೇರೆ. ವಿಧವೆ ಮಗಳಿಗೆ ಪುಣ್ಯ ಸಿಗಲಿ ಎಂದು ತಾಯಿಯೇ ಅವಳನ್ನು ಅದರೊಳಕ್ಕೆ ನೂಕುತ್ತಾಳೆ. ಸಂತರ ಕೈಗೆ ಸಿಕ್ಕದೆ ಇಂದಿರೆ ಮನೆ ಬಿಟ್ಟು ಓಡಿ ಅಮೃತರಾಯನೆಂಬ ಸಜ್ಜನನ ಆಶ್ರಯ ಹಿಡಿಯುತ್ತಾಳೆ, ಓದುತ್ತಾಳೆ, ಕೊನೆಗೆ ಇಂಗ್ಲೆಂಡಿಗೆ ಹೋಗಿ ಓದಿಬಂದ ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ವಿಧವೆಯರ ಮರುಮದುವೆಗೆ ಕಾಯ್ದೆಯ ಒಪ್ಪಿಗೆ 1856ರಲ್ಲಿಯೇ ಸಿಕ್ಕಿತ್ತು. ಊರಿನ ಒಪ್ಪಿಗೆ 43 ವರ್ಷದ ನಂತರವೂ ಕಾದಂಬರಿಯೊಳಗೆ ಮಾತ್ರ ಸುಲಭವಾಗಿ ಸಿಗುತ್ತಿತ್ತು.

ಇದರಲ್ಲಿ ಒಂದು ಸೂಕ್ಷ್ಮ ಉಂಟು. ಆ ಊರಿನ ಜನಕ್ಕೆ ಸಂಶಯ ಪಡುವುದು ಗೊತ್ತಿರಲಿಲ್ಲವೆಂದಲ್ಲ, ಧಾರಾಳ ಗೊತ್ತಿತ್ತು. ವಿಧವೆ ಹುಡುಗಿ ಬಾಗಿಲಲ್ಲಿ ನಿಂತರೆ ಸಂಶಯ, ಕಿಟಕಿಯಲ್ಲಿ ಕಂಡರೆ ಸಂಶಯ, ಪುಸ್ತಕ ಹಿಡಿದರೆ ಇನ್ನೂ ಸಂಶಯ. ಗೋಪಿ ಹಚ್ಚಿಕೊಂಡು ಬಂದವನ ಮೇಲೆ ಮಾತ್ರ ಇಲ್ಲ. ನಮ್ಮಲ್ಲಿ ಅಪನಂಬಿಕೆಗೆ ಬರಗಾಲ ಎಂದೂ ಇರಲಿಲ್ಲ, ಹಂಚಿಕೆಯಲ್ಲಿ ಮೋಸ. ಬಡವ, ಹೆಂಗಸು, ಕೂಲಿಯವ ಹೇಳಿದರೆ ಅಂಬ್ರ್. ಧಣಿ, ಗುರಿಕಾರ, ಸ್ವಾಮಿ ಹೇಳಿದರೆ ಹೌದು. ಗುಲ್ವಾಡಿಯ ಇನ್‌ಸ್ಪೆಕ್ಟರರು ಮಾಡಿದ್ದು ಇಷ್ಟೇ: ಅಂಬ್ರನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಇಟ್ಟರು. ಹುಡುಗಿಯ ಹೇಳಿಕೆಯನ್ನು ಬರೆದುಕೊಂಡು ಸಂತರ ಹೇಳಿಕೆಯನ್ನು ತನಿಖೆಗೆ ಒಳಪಡಿಸಿದರು.

ಅವರು ಧರ್ಮವನ್ನು ಬಿಟ್ಟವರೂ ಅಲ್ಲ, ಗಮನಿಸಿ. ಕಾದಂಬರಿಯ ಹೆಸರಿನಲ್ಲಿಯೇ ಸದ್ಧರ್ಮ ಎಂದಿದ್ದಾರೆ. ಧರ್ಮದ ಮುಂದೆ ಒಂದು ಸತ್ ಸೇರಿಸಬೇಕಾಯಿತು ಎಂದರೆ ಬರಿಯ ಧರ್ಮ ಎಂದರೆ ಸಾಕಾಗದ ಸ್ಥಿತಿ ಬಂದಿತ್ತು ಎಂದೇ ಅರ್ಥ. ಆಗ ಮಂಗಳೂರಿನ ಗಾಳಿಯೂ ಹಾಗಿತ್ತು. ಉಳ್ಳಾಲ ರಘುನಾಥಯ್ಯನವರು 1870ರಲ್ಲಿ ಅಲ್ಲಿ ಬ್ರಹ್ಮಸಮಾಜದ ದಾರಿಯ ಉಪಾಸನಾ ಸಭೆ ಕಟ್ಟಿದ್ದರು; 1897ರಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗಾಗಿ ತಮ್ಮ ಮಿಷನ್ ಆರಂಭಿಸಿದ್ದರು. ‘ಇಂದಿರಾಬಾಯಿ’ಯನ್ನು 1903ರಲ್ಲಿ ಐ.ಸಿ.ಎಸ್. ಅಧಿಕಾರಿ ಕೌಚ್‌ಮನ್ ಇಂಗ್ಲಿಷಿಗೆ ತಂದರು. ಕೆಳಗಿನ ಅಧಿಕಾರಿ ಬರೆದದ್ದನ್ನು ಮೇಲಿನ ಅಧಿಕಾರಿ ಭಾಷಾಂತರ ಮಾಡುವುದು ಸರಕಾರಿ ಕಚೇರಿಗಳಲ್ಲಿ ಅಪರೂಪದ ಸಂಗತಿ. ಸಾಮಾನ್ಯವಾಗಿ ಮೇಲಿನವರು ಷರಾ ಬರೆಯುತ್ತಾರೆ.

ವೆಂಕಟರಾಯರ ನೌಕರಿಯ ಕಾಲಕ್ಕೆ ಕೋರ್ಟು ಕಚೇರಿಗಳಲ್ಲಿ ನಡೆಯುತ್ತಿದ್ದುದು 1872ರ ಸಾಕ್ಷ್ಯ ಕಾಯ್ದೆ. ಮೊನ್ನೆ 2024ರ ಜುಲೈ 1ರಂದು ಹೊಸ ಕಾಯ್ದೆ ಬರುವವರೆಗೂ ಅದೇ ನಡೆದಿತ್ತು, ಹೊಸದರಲ್ಲಿಯೂ ತಿರುಳು ಹೆಚ್ಚು ಕಡಿಮೆ ಅದೇ. ನಾನು ವಕೀಲನಲ್ಲ. ಒಮ್ಮೆ ಗದ್ದೆಯ ಗಡಿಯ ತಕರಾರೊಂದರಲ್ಲಿ ಸಾಕ್ಷಿ ಹೇಳಲು ಹೋಗಿ ಆ ಪುಸ್ತಕವನ್ನು ಓದಿದೆ, ಓದಿ ಬೆರಗಾದೆ. ಅಜ್ಜಿಯ ಪ್ರಶ್ನೆ ಅಲ್ಲಿ 60ನೆಯ ಕಲಮಾಗಿ ಕುಳಿತಿತ್ತು. ಕಂಡ ಸಂಗತಿಯಾದರೆ ಕಂಡವನೇ ಬಂದು ಹೇಳಬೇಕು, ಕೇಳಿದ ಸಂಗತಿಯಾದರೆ ಕೇಳಿದವನೇ. ಯಾರೋ ಹೇಳಿದ್ದನ್ನು ಇನ್ಯಾರೋ ಬಂದು ಒಪ್ಪಿಸುವಂತಿಲ್ಲ. ಅಂತೆಗೆ ಕಟಕಟೆಯಲ್ಲಿ ಜಾಗವಿಲ್ಲ.

ಇನ್ನು 25ನೆಯ ಕಲಂ. ಆರೋಪಿಯೊಬ್ಬ ಪೊಲೀಸ್ ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡರೆ ಅದನ್ನು ಅವನ ವಿರುದ್ಧ ಸಾಕ್ಷ್ಯವಾಗಿ ರುಜುವಾತು ಮಾಡುವಂತಿಲ್ಲ. ಯೋಚಿಸಿ ನೋಡಿ, ಹಗಲಿಡೀ ಬೇರೆಯವರ ಮಾತನ್ನು ನಂಬದಿರುವುದೇ ಕಸುಬಾಗಿದ್ದ ಇನ್‌ಸ್ಪೆಕ್ಟರರನ್ನು ಕಾಯ್ದೆಯೇ ನಂಬುತ್ತಿರಲಿಲ್ಲ! ಮನುಷ್ಯ ಮನೆಗೆ ಬಂದು ಕಾದಂಬರಿ ಬರೆದದ್ದರಲ್ಲಿ ಆಶ್ಚರ್ಯವೇನಿದೆ? ಕಾದಂಬರಿಯೊಳಗೆ 25ನೆಯ ಕಲಂ ಇಲ್ಲ. ಅಲ್ಲಿ ಸಂತನೊಬ್ಬ ತನ್ನಷ್ಟಕ್ಕೆ ಆಡಿಕೊಂಡ ಮಾತನ್ನೂ ಓದುಗನ ಮುಂದೆ ಹಾಜರುಪಡಿಸಬಹುದು.

ಇಷ್ಟು ಅಪನಂಬಿಕೆಯ ಕಾಯ್ದೆಯೂ ಕೆಲವು ಕಡೆ ಸಡಿಲಾಗುತ್ತದೆ, ಅದರಲ್ಲೊಂದು ಸಾಯುವವನ ಎದುರಿಗೆ. ತನ್ನ ಸಾವಿಗೆ ಕಾರಣವೇನೆಂದು ಸತ್ತವನು ಹೇಳಿಹೋದ ಮಾತನ್ನು, ಕೇಳಿದವರು ಬಂದು ಹೇಳಿದರೂ ಕೋರ್ಟು ಕಿವಿಗೆ ಹಾಕಿಕೊಳ್ಳುತ್ತದೆ. ಸಾಯುವ ಹೊತ್ತಿಗೆ ಮನುಷ್ಯ ಸುಳ್ಳು ಹೇಳಲಾರ ಎಂಬ ಹಳೆಯ ನಂಬಿಕೆ ಇದರ ಹಿಂದಿದೆ. ಎಲ್ಲರನ್ನೂ ಪ್ರಶ್ನಿಸುವ ಪುಸ್ತಕ ಅಷ್ಟರಮಟ್ಟಿಗೆ ನಮ್ಮ ಊರಿನ ಅಮ್ಮಂದಿರಂತೆಯೇ ಯೋಚಿಸುತ್ತದೆ.

ನಮ್ಮ ಊರಿನವರು ಯೋಚಿಸುವುದು ಹೇಗೆ? ನಂಬುವವರು ಒಂದು ಕಡೆ, ನಂಬದವರು ಒಂದು ಕಡೆ ಎಂದು ಗೆರೆ ಎಳೆಯಲು ನನಗೆ ಈವರೆಗೂ ಆಗಲಿಲ್ಲ. ನನ್ನ ಪರಿಚಯದವರೊಬ್ಬರ ತೆಂಗಿನ ತೋಟದ ಗೇಟಿಗೆ ಹಳದಿ ತಗಡಿನ ಮೇಲೆ ಕೆಂಪಕ್ಷರದ ಬೋರ್ಡು ಇದೆ. ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ. ಅಂಥ ಬೋರ್ಡನ್ನು ಮಲೆನಾಡು ಕರಾವಳಿಯಲ್ಲಿ ನೀವೂ ಬೇಕಾದಷ್ಟು ನೋಡಿರುತ್ತೀರಿ. ಇವರ ಬೋರ್ಡಿನ ಕೆಳಗೆ ಐದು ಸುತ್ತು ಮುಳ್ಳುತಂತಿ, ಗೇಟಿಗೆ ಗೋದ್ರೆಜ್ ಬೀಗ, ಹೋದ ವರ್ಷದಿಂದ ಕಂಬದ ಮೇಲೆ ಒಂದು ಕ್ಯಾಮರಾ. "ಅಲ್ಲ ಮಾರಾಯ್ರೆ, ದೇವಿ ಮೇಲೆ ನಂಬಿಕೆ ಇಲ್ಯಾ?" ಎಂದು ಕೇಳಿದೆ. ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. "ದೇವಿ ಮೇಲೆ ಉಂಟ್. ಕಳ್ಳನಿಗೆ ದೇವಿ ಮೇಲೆ ಉಂಟಾ ಇಲ್ಯಾ ಗೊತ್ತಿಲ್ಲೆ" ಎಂದರು. ನಾನು ಸುಮ್ಮನಾದೆ. ನಂಬಿಕೆಯ ಬಗ್ಗೆ ಇದಕ್ಕಿಂತ ಬಿಗಿಯಾದ ವಾದವನ್ನು ನಾನು ಯಾವ ಸೆಮಿನಾರಿನಲ್ಲಿಯೂ ಕೇಳಿಲ್ಲ.

ಈ ಜಾಣತನಕ್ಕೆ ಒಂದು ಕಾರಣ ತಾಳಮದ್ದಳೆ ಇರಬಹುದು. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ನೀನು ಯಾವ ಧರ್ಮದವನು ಎಂದು ರಾಮನನ್ನು ಹಿಡಿದು ನಿಲ್ಲಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರಿಗೆ ಗೊತ್ತು, ಎದುರು ಕುಳಿತ ರಾಮನಿಗೆ ಆ ರಾತ್ರಿ ಬೆವರು ಒರೆಸಿಕೊಳ್ಳಲು ಪುರುಸೊತ್ತಿರುತ್ತಿರಲಿಲ್ಲ. ಅದನ್ನು ಕೇಳುವವರು ದೇವಸ್ಥಾನದ ಚಪ್ಪರದಲ್ಲಿ ಕುಳಿತ ರಾಮಭಕ್ತರು. ಭಕ್ತರೇ ವಾಲಿಯ ಮಾತಿಗೆ ತಲೆದೂಗುತ್ತಾರೆ, ಬೆಳಿಗ್ಗೆ ರಾಮನಿಗೆ ಕೈಮುಗಿದು ಮನೆಗೆ ಹೋಗುತ್ತಾರೆ. ಇಂದು ಕೃಷ್ಣನ ಅರ್ಥ ಹೇಳಿದವರೇ ನಾಳೆ ಕೌರವನಾಗಿ ಕೃಷ್ಣನ ಬಣ್ಣ ಬಯಲು ಮಾಡುತ್ತಾರೆ. ಮಾತು ಎಷ್ಟು ಚೆನ್ನಾಗಿದೆ ಎಂಬುದು ಬೇರೆ, ಎಷ್ಟು ನಿಜ ಎಂಬುದು ಬೇರೆ ಎಂದು ನಮ್ಮ ಕಿವಿಗಳು ಕಲಿತದ್ದು ಅಲ್ಲಿಯೇ.

ಕುಂದಾಪುರದಿಂದ ತೆಂಕಕ್ಕೆ ಹತ್ತು ಮೈಲಿ ಆಸುಪಾಸಿನಲ್ಲಿ ಕೋಟ. ಅಲ್ಲಿ 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದರು. ಅವರ ವಿಷಯ ಬಂದರೆ ಅವರು ನಾಸ್ತಿಕರೋ ಆಸ್ತಿಕರೋ ಎಂದು ಈಗಲೂ ಚಹಾದಂಗಡಿಗಳಲ್ಲಿ ಚರ್ಚೆಯಾಗುತ್ತದೆ. ಆ ಚರ್ಚೆ ನನಗೆ ಬೇಡ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಒಂದು ವಿಚಿತ್ರ ಮಾತ್ರ ನನ್ನನ್ನು ಕಾಡುತ್ತದೆ. 1977ರ ಜ್ಞಾನಪೀಠ ತಂದುಕೊಟ್ಟ ಪುಸ್ತಕ ಅದು. ಪವಾಡ ಎಂದರೆ ಸಿಡುಕುತ್ತಿದ್ದ ಕಾರಂತರು ತಮ್ಮ ಅಜ್ಜಿಗೆ ಕೊಟ್ಟದ್ದು ಒಂದು ಪವಾಡವನ್ನೇ: ಮೊಮ್ಮಗ ಸುಬ್ಬರಾಯ ಯಾವುದಾದರೂ ಹಳೆಯ ವಸ್ತುವನ್ನು ಕೈಯಲ್ಲಿಟ್ಟರೆ ಅಜ್ಜಿಗೆ ಅದರ ಹಿಂದಿನದೆಲ್ಲ ಕಾಣುತ್ತದೆ. ಹಾಗೆ ಕಂಡದ್ದನ್ನು ಹೇಳುತ್ತ ಹೇಳುತ್ತ ಅವಳು ದೇವರುಗಳು ಹುಟ್ಟಿದ್ದು ಹೇಗೆ, ಬೆಳೆದದ್ದು ಹೇಗೆ, ಒಬ್ಬರು ಇನ್ನೊಬ್ಬರನ್ನು ನುಂಗಿದ್ದು ಹೇಗೆ ಎಂದು ಎಳೆ ಎಳೆಯಾಗಿ ಬಿಡಿಸುತ್ತಾಳೆ. ನಂಬಲಾಗದ ಕಣ್ಣು ಕೊಟ್ಟು, ಆ ಕಣ್ಣಿನಿಂದ ನಂಬಿಕೆಗಳನ್ನು ನೋಡಿಸಿದರು. ಅದನ್ನು ಪುಸ್ತಕದ ದೋಷ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸಿಲ್ಲ. ಹತ್ತು ತುಂಬುವ ಮೊದಲೇ ವಿಧವೆಯಾಗಿ ಎಂಬತ್ತರವರೆಗೆ ಮಾತು ನುಂಗಿ ಬದುಕಿದವಳು ಕಂಡದ್ದು ಎಂದು ಹೇಳಲು ಅರ್ಹಳಲ್ಲವಾದರೆ ಇನ್ನಾರು ಅರ್ಹರು?

ಅದಕ್ಕಿಂತ ಮೊದಲು, 1960ರಲ್ಲಿ ಬಂದ ‘ಅಳಿದ ಮೇಲೆ’ ನನಗೆ ಇನ್ನೂ ಹತ್ತಿರದ್ದು. ರೈಲಿನಲ್ಲಿ ಪರಿಚಯವಾದ ಯಶವಂತರಾಯರು ಮುಂಬಯಿಯಲ್ಲಿ ತೀರಿಕೊಂಡ ಮೇಲೆ ಅವರ ದಿನಚರಿ, ಚಿತ್ರಗಳು, ಉಳಿದ ಹಣ ಎಲ್ಲ ನಿರ್ವಾಹವಿಲ್ಲದೆ ನಿರೂಪಕರ ಪಾಲಿಗೆ ಬರುತ್ತವೆ. ಅವರು ಸತ್ತವರ ಊರಿನ ಕಡೆ ಹೊರಡುತ್ತಾರೆ. ಬಲ್ಲವರನ್ನು ಒಬ್ಬೊಬ್ಬರನ್ನಾಗಿ ಕಾಣುತ್ತಾರೆ. ಒಬ್ಬರು ಹೇಳಿದ ಯಶವಂತರಾಯರಿಗೂ ಮತ್ತೊಬ್ಬರು ಹೇಳಿದ ಯಶವಂತರಾಯರಿಗೂ ತಾಳೆಯಾಗುವುದಿಲ್ಲ, ದಿನಚರಿಯೊಳಗಿನವರು ಮೂರನೆಯವರು. ಗುಲ್ವಾಡಿಯ ಇನ್‌ಸ್ಪೆಕ್ಟರರು ಬದುಕಿದ್ದವರ ಮಾತಿನ ತನಿಖೆ ಮಾಡಿದರೆ ಕೋಟದವರು ಸತ್ತವನ ಬಗೆಗಿನ ಮಾತಿನ ತನಿಖೆ ಮಾಡಿದರು. ನಮ್ಮಲ್ಲಿ ಸತ್ತವನು ತಕ್ಷಣ ಒಳ್ಳೆಯವನಾಗುತ್ತಾನೆ, ಗಮನಿಸಿದ್ದೀರಾ? ಹನ್ನೊಂದನೆಯ ದಿನದೊಳಗೆ ಅವನ ಸಾಲವೂ ಸಿಟ್ಟೂ ಮಾಯ. ಕಾರಂತರು ಆ ಸೌಲಭ್ಯವನ್ನು ಯಶವಂತರಾಯರಿಗೆ ಕೊಡಲಿಲ್ಲ, ಹಾಗಾಗಿ ಆ ಮನುಷ್ಯ ಇನ್ನೂ ಬದುಕಿದ್ದಾರೆ.

ಬೆಂಗಳೂರಿನ ಕಡೆಯ ಅಪನಂಬಿಕೆಯ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪಾಂಡವಪುರದಲ್ಲಿ ಒಬ್ಬ ಪುಟ್ಟ ಬಾಲಕ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುತ್ತುತ್ತಿದ್ದರು. ಸಮಿತಿಯವರು ಹೋಗಿ ಅಂಗಿ ಬಿಚ್ಚಿಸಿ ನೋಡಿದರೆ ವಿಭೂತಿ ಬಟ್ಟೆಯೊಳಗೇ ಇತ್ತು. ಸರಿಯಾದ ಕೆಲಸವೇ. ಆದರೆ ಅಷ್ಟು ಜನರೆದುರು ನಿಂತ ಆ ಮಗುವಿನ ಮುಖ ನನಗೆ ನೆನಪಾಗುತ್ತದೆ, ನಾನು ಅದನ್ನು ನೋಡಿಯೇ ಇಲ್ಲದಿದ್ದರೂ. ಬಟ್ಟೆಯೊಳಗೆ ಬೂದಿ ಇಟ್ಟ ದೊಡ್ಡವರ ಕೈಯನ್ನಲ್ಲವೇ ಮೊದಲು ಹಿಡಿಯಬೇಕಾಗಿದ್ದುದು?

ಈಗ ಸಾವಿನ ಮಾತು. ಮಾತನ್ನು ನಂಬದಿರಬಹುದು, ದೇವರನ್ನು ನಂಬದಿರಬಹುದು. ಸಾವನ್ನು ನಂಬದವರು ಉಂಟೇ? ಕಡಲ ಕರೆಯಲ್ಲಿ ಕೇಳಿ ನೋಡಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಜನರೊಂದಿಗೆ ಕಡಲಿಗಿಳಿಯಿತು. ಎರಡೇ ದಿನಕ್ಕೆ ಸಂಪರ್ಕ ಕಡಿದುಹೋಯಿತು. ನೌಕಾಪಡೆ, ಕರಾವಳಿ ಕಾವಲು ಪಡೆ ಎಲ್ಲ ಹುಡುಕಿದವು, ಮೀನುಗಾರರು ಹೆದ್ದಾರಿಯಲ್ಲಿ ಕುಳಿತರು. 2019ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದ ಮಾಲ್ವಣ ಕಡಲಿನ ತಳದಲ್ಲಿ ಅವಶೇಷ ಸಿಕ್ಕಿತು. ದೋಣಿ ಸಿಕ್ಕಿತು, ಮನುಷ್ಯರು ಸಿಗಲಿಲ್ಲ. ಆ ಮನೆಗಳಲ್ಲಿ ಯಾರಾದರೂ ಸಾವನ್ನು ನಂಬಲು ನಿರಾಕರಿಸಿದರೆ ಅದನ್ನು ಮೂಢನಂಬಿಕೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ. ಕಂಡವರು ಯಾರೂ ಇಲ್ಲವಲ್ಲ.

ಕಾಯ್ದೆಯಲ್ಲಿ ಇದಕ್ಕೂ ಲೆಕ್ಕ ಉಂಟು. ಬದುಕಿದ್ದರೆ ಯಾರಿಗೆ ಸುದ್ದಿ ತಿಳಿಯಬೇಕಿತ್ತೋ ಅವರಿಗೆ ಏಳು ವರ್ಷ ಸುದ್ದಿಯಿಲ್ಲದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಶಾಸ್ತ್ರದ ಲೆಕ್ಕ ಇನ್ನೂ ನಿಧಾನ. ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯಿಂದಲೋ ಮುತ್ತುಗದ ಎಲೆಯಿಂದಲೋ ಒಂದು ಆಕೃತಿ ಮಾಡಿ ಅದನ್ನೇ ದೇಹವೆಂದು ಸುಟ್ಟು ಕ್ರಿಯೆ ಮಾಡುತ್ತಾರೆ. ಸಾವಿನ ವಿಷಯದಲ್ಲಿ ಕೋರ್ಟಿಗಿಂತ ಪುರೋಹಿತರಿಗೆ ಐದು ವರ್ಷ ಹೆಚ್ಚು ಸಂಶಯ!

ಈ ಹನ್ನೆರಡು ವರ್ಷದ ಲೆಕ್ಕ ನನಗೆ ಗೊತ್ತಿರುವುದು ಅಜ್ಜಿಯಿಂದ. ಅವಳ ಕಿರಿಯ ತಮ್ಮ ಹದಿನೈದು ತುಂಬುವ ಮೊದಲೇ ಮುಂಬಯಿಗೆ ಓಡಿಹೋದವನು. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಹೋಗುತ್ತಿದ್ದುದು ಹಾಗೆಯೇ. ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಅದೃಷ್ಟವಿದ್ದರೆ ಗಲ್ಲಾದ ಹಿಂದೆ ಕುಳಿತು ಮುದುಕರಾಗುತ್ತಿದ್ದರು. ಇವನಿಂದ ವರ್ಷಕ್ಕೊಮ್ಮೆ ಕಾರ್ಡು ಬರುತ್ತಿತ್ತು. ಒಂದು ಮಳೆಗಾಲ ಊರಿಗೆ ಬಂದ ಇನ್ನೊಬ್ಬ ಹುಡುಗ, ಅವನು ಜ್ವರದಲ್ಲಿ ತೀರಿಹೋದ ಎಂದು ಹೇಳಿದ. ಮನೆಯಲ್ಲಿ ಗೋಳಾಟ. ಗಂಡಸರು ಸ್ನಾನಕ್ಕೆ ಹೊಳೆಗೆ ಹೊರಟರು. ಅಜ್ಜಿ ಮಾತ್ರ ಆ ಹುಡುಗನನ್ನು ಜಗಲಿಯಲ್ಲಿ ಕೂರಿಸಿ, ಕಾಪಿ ಕೊಟ್ಟು, ತನ್ನ ಪ್ರಶ್ನೆ ಕೇಳಿದಳು. ಅವನು ತಲೆ ತಗ್ಗಿಸಿ, ಹೋಟೆಲಿನವರು ಹೇಳಿದ್ದು ಎಂದ. ಮುಗಿಯಿತು. ಅಜ್ಜಿ ಸ್ನಾನ ಮಾಡಲಿಲ್ಲ.

ಹನ್ನೆರಡು ವರ್ಷ ಅವಳು ಹಾಗೆಯೇ ಇದ್ದಳು. ಬೇರೆಯವರು ಅವನ ಹೆಸರು ಎತ್ತುವಾಗ ‘ಇದ್ದ’ ಎನ್ನುತ್ತಿದ್ದರು. ಅವಳು ‘ಇದ್ದಾನೆ’ ಎನ್ನುತ್ತಿದ್ದಳು. ಕಾರ್ಡು ಬರಲಿಲ್ಲ, ಅವನೂ ಬರಲಿಲ್ಲ. ಕೊನೆಗೆ ಮನೆಯವರೆಲ್ಲ ಸೇರಿ, ಹೀಗೇ ಬಿಟ್ಟರೆ ಅವನಿಗೆ ಗತಿಯಿಲ್ಲ, ನಮಗೆ ಏಳಿಗೆಯಿಲ್ಲ ಎಂದು ಭಟ್ಟರನ್ನು ಕರೆಸಿದರು. ಅಜ್ಜಿ ಬೇಡವೆನ್ನಲಿಲ್ಲ. ದರ್ಭೆಯ ತಮ್ಮನನ್ನು ಕಟ್ಟಲು ನೂಲು ಬೇಕೆಂದಾಗ ತಾನೇ ಎದ್ದುಹೋಗಿ ತಂದುಕೊಟ್ಟಳು.

ನಾನಾಗ ಏಳೆಂಟು ವರ್ಷದವನು. ನನಗೆ ಚೆನ್ನಾಗಿ ನೆನಪಿರುವುದು ಪಿಂಡ ಇಟ್ಟ ಹೊತ್ತು. ತೆಂಗಿನ ಕಟ್ಟೆಯ ಪಕ್ಕದಲ್ಲಿ ಬಾಳೆಯೆಲೆ, ಅದರ ಮೇಲೆ ಅನ್ನದ ಉಂಡೆ, ಎಳ್ಳು. ನಮ್ಮಲ್ಲಿ ಕಾಗೆ ಮುಟ್ಟದೆ ಊಟವಿಲ್ಲ. ಎಷ್ಟೋ ಮನೆಗಳಲ್ಲಿ ಕಾಗೆ ಬಾರದೆ ಗಂಟೆಗಟ್ಟಲೆ ಕಾಯುತ್ತಾರೆ. ನಿನ್ನ ಮಗಳ ಮದುವೆ ನಾವು ಮಾಡ್ತೇವೆ, ಆ ಗದ್ದೆ ಮಾರುವುದಿಲ್ಲ ಎಂದು ಸತ್ತವರಿಗೆ ಗಟ್ಟಿಯಾಗಿ ಮಾತು ಕೊಡುತ್ತಾರೆ. ಅಂದು ಯಾರೂ ಯಾವ ಮಾತನ್ನೂ ಕೊಡಬೇಕಾಗಲಿಲ್ಲ. ಭಟ್ಟರು ಎಲೆ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಬರುವಷ್ಟರಲ್ಲಿ ಹಲಸಿನ ಮರದಿಂದ ಒಂದು ಕಾಗೆ ನೇರ ಬಂದು ಉಂಡೆಗೆ ಕೊಕ್ಕು ಹಾಕಿತು. ಹೆಂಗಸರೆಲ್ಲ ಒಮ್ಮೆಲೇ ಅತ್ತರು. ಅಪ್ಪಯ್ಯ ಅಜ್ಜಿಯ ಕಡೆ ನೋಡಿ, "ಕಂಡ್ಯಾ ಅಮ್ಮ? ಈಗ್ಲಾದ್ರೂ ನಂಬ್ತ್ಯಾ?" ಎಂದರು.

ಅಜ್ಜಿ ಕಂಡಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಗೆ ಎಲೆಯ ಬಾಳೆನಾರನ್ನೂ ಎಳೆಯುವವರೆಗೆ ನೋಡುತ್ತ ನಿಂತಳು.

"ಕಾಕಿಗೆ ಹಸ್ವಾಯಿತ್ ಕಾಂತ್" ಎಂದಳು.